ಮೋಡಕ್ಕ ಕೆಲಸ ಬಿಟ್ಟದ್ದು

ಹೊಲಿಗೆ ದಾರದ ಆ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಮೋಡಕ್ಕ ಎಂದೇ ಕರೆಯುತ್ತಿದ್ದರು. ಬಣ್ಣದ ಕೋಣೆಗೆ ಯಾರೇ ಹೊಸದಾಗಿ ಬಣ್ಣ ಹಾಕಿದ ದಾರದ ಲಡಿ ತಂದು ಮೇಜಿನ ಮೇಲಿಟ್ಟರೂ ಅವಳು ಮೊದಲು ದಾರವನ್ನು ನೋಡುತ್ತಿರಲಿಲ್ಲ. ತಲೆಯೆತ್ತಿ ಕಿಟಕಿಯಾಚೆಯ ಆಕಾಶವನ್ನು ನೋಡುತ್ತಿದ್ದಳು. ದಟ್ಟ ಮೋಡ ಕವಿದಿದ್ದರೆ ಕಾಯುತ್ತಿದ್ದಳು. ಆತುರದಲ್ಲಿದ್ದವರು ಬಾಗಿಲಲ್ಲಿ ಕಾಲು ಬದಲಿಸುತ್ತ ನಿಂತಿರುತ್ತಿದ್ದರು. ಮೋಡ ಸರಿದು, ಉತ್ತರದ ಕಿಟಕಿಯಿಂದ ಆ ತಣ್ಣನೆಯ, ಯಾರ ಪಕ್ಷವನ್ನೂ ವಹಿಸದ ಬೆಳಕು ಮೇಜಿನ ಮೇಲೆ ಇಳಿದ ನಂತರವೇ ಹೊಸ ಲಡಿಯನ್ನು ಹಳೆಯ ಮಾದರಿಯ ಪಕ್ಕದಲ್ಲಿಟ್ಟು, ಕಣ್ಣನ್ನು ಅರೆ ಮುಚ್ಚಿ, ಇನ್ನೊಂದು ಚಿಟಿಕೆ ಕೆಂಪು ಬೇಕು ಎನ್ನುತ್ತಿದ್ದಳು. ಅವಳು ಹೇಳಿದ ಮೇಲೆ ಮುಗಿಯಿತು. ಕೆಳಗೆ ತೊಟ್ಟಿಯ ಹತ್ತಿರ ನಿಂತವರು ಚಿಟಿಕೆಯೆಂದರೆ ಎಷ್ಟು ಎಂದು ಕೇಳುವ ಗೋಜಿಗೆ ಹೋಗುತ್ತಿರಲಿಲ್ಲ.

ಬಣ್ಣದ ಕೋಣೆ ಮೇಲಂತಸ್ತಿನಲ್ಲಿತ್ತು. ಕೆಳಗಿನ ತೊಟ್ಟಿಗಳಲ್ಲಿ ಕುದಿಯುವ ನೀರಿನ ಹಬೆ ಹಲಗೆಯ ಸಂದಿಗಳಲ್ಲಿ ನುಸುಳಿ, ಮಧ್ಯಾಹ್ನದ ಹೊತ್ತಿಗೆ ಕೋಣೆಯನ್ನೆಲ್ಲ ಮೆತ್ತಗೆ ತುಂಬಿಕೊಳ್ಳುತ್ತಿತ್ತು. ಊಟದ ಡಬ್ಬಿ ಮುಚ್ಚಿಟ್ಟು ಮೋಡಕ್ಕ ಹತ್ತು ನಿಮಿಷ ಮೇಜಿಗೆ ತಲೆಯಾನಿಸುತ್ತಿದ್ದಳು. ಅದು ನಿದ್ದೆಯೂ ಅಲ್ಲ, ಎಚ್ಚರವೂ ಅಲ್ಲ. ಗೋಡೆಯ ಗೂಡುಗಳಲ್ಲಿ ಸಾಲಾಗಿಟ್ಟ ಸಾವಿರಾರು ರೀಲುಗಳು ಆಗ ಕರಗಿ ಒಂದಕ್ಕೊಂದು ಬೆರೆತು, ಹೊಳೆಯಾಗಿ ಅವಳ ಕಾಲಡಿಯಲ್ಲಿ ಹರಿಯುತ್ತಿದ್ದವು. ರಾತ್ರಿಯ ಕನಸುಗಳಲ್ಲೂ ಅವಳಿಗೆ ಜನರ ಮುಖ ಕಾಣುತ್ತಿರಲಿಲ್ಲ, ಬಣ್ಣ ಕಾಣುತ್ತಿತ್ತು. "ಯಾರೋ ಬಂದಿದ್ರು ರೀ, ಹಣ್ಣೆಲೆ ಹಳದಿ ಕೋಟು" ಎಂದು ಬೆಳಗ್ಗೆ ಗಂಡನಿಗೆ ಹೇಳಿದರೆ, ಅವನು ಹಲ್ಲುಜ್ಜುತ್ತಲೇ, ಕೋಟಿನೊಳಗೆ ಮನುಷ್ಯ ಇದ್ದನೋ ಇಲ್ಲವೋ ಅದನ್ನಾದರೂ ನೋಡಿದೆಯಾ ಎನ್ನುತ್ತಿದ್ದ.

ಗಂಡ ದೊಡ್ಡ ಆಸ್ಪತ್ರೆಯೊಂದರಲ್ಲಿ ಲಿಫ್ಟ್ ನಡೆಸುವವನು. ಇಷ್ಟು ವರ್ಷಗಳಲ್ಲಿ ತಾನು ಎಷ್ಟೋ ಜನರನ್ನು ಮೇಲಕ್ಕೆ ಕಳಿಸಿದ್ದೇನೆ, ಒಬ್ಬರೂ ದೂರು ಕೊಟ್ಟಿಲ್ಲ ಎನ್ನುವುದು ಅವನ ಹಳೆಯ ತಮಾಷೆ. ಒಬ್ಬಳೇ ಮಗಳು ಮದುವೆಯಾಗಿ ಬೇರೆ ಊರಿಗೆ ಹೋಗಿದ್ದಳು. ಮನೆಯಲ್ಲಿ ಇಬ್ಬರೇ.

ಜನರ ಮುಖವೇ ಇಲ್ಲದ ಆ ಕನಸುಗಳಲ್ಲಿ ಒಂದೇ ಒಂದು ಮುಖ ಮಾತ್ರ ಆಗಾಗ ಬರುತ್ತಿತ್ತು. ಅದರ ಸಂಗತಿಯನ್ನು ಮೋಡಕ್ಕ ಯಾರಿಗೂ ಹೇಳಿರಲಿಲ್ಲ.

ಇಪ್ಪತ್ತೆಂಟು ವರ್ಷಗಳ ಹಿಂದೆ ಬಣ್ಣದ ಕೋಣೆಗೆ ಒಬ್ಬರು ಬೇಕಾಗಿದ್ದರು. ಆಗಿನ ಬಣ್ಣದ ಮೇಸ್ತ್ರಿ ಅವಳ ಸೋದರಮಾವ. ಪರೀಕ್ಷೆಗೆ ಕೊನೆಯಲ್ಲಿ ಉಳಿದವರು ಇಬ್ಬರು, ಅವಳು ಮತ್ತು ಬೂದು ಛತ್ರಿ ಹಿಡಿದು ಬಂದಿದ್ದ ಒಬ್ಬ ಹುಡುಗಿ. ಇಪ್ಪತ್ತು ನೀಲಿ ಲಡಿಗಳನ್ನು ತಿಳಿಯಿಂದ ದಟ್ಟಕ್ಕೆ ಜೋಡಿಸಬೇಕಿತ್ತು. ಛತ್ರಿಯ ಹುಡುಗಿ ಒಂದೂ ತಪ್ಪಿಲ್ಲದೆ ಜೋಡಿಸಿ ಕೈಕಟ್ಟಿ ಕುಳಿತಳು. ಮೋಡಕ್ಕನ ಸಾಲಿನಲ್ಲಿ ಎರಡು ಲಡಿಗಳು ಅದಲುಬದಲಾಗಿದ್ದವು. ಮಾವ ಎರಡೂ ಮೇಜುಗಳನ್ನು ನೋಡಿದ, ಕೆಮ್ಮಿದ, ಒಳಗೆ ಹೋದ. ಹೊರಗೆ ಬಂದಾಗ ಅವನ ಕೈಯಲ್ಲಿದ್ದ ಕಾಗದದಲ್ಲಿ ಮೋಡಕ್ಕನ ಹೆಸರಿತ್ತು. ಆ ಹುಡುಗಿ ಎದ್ದು ತನ್ನ ಛತ್ರಿ ತೆಗೆದುಕೊಂಡಳು. ಸಿಟ್ಟು ಮಾಡಿಕೊಳ್ಳಲಿಲ್ಲ. ಮೋಡಕ್ಕನ ಮೇಜಿನ ಮುಂದೆ ಒಂದು ಗಳಿಗೆ ನಿಂತು, ತಪ್ಪಾಗಿದ್ದ ಎರಡು ಲಡಿಗಳನ್ನು ಸರಿಯಾದ ಜಾಗಕ್ಕಿಟ್ಟು ಹೊರಟುಹೋದಳು. ಆ ಎರಡು ಲಡಿಗಳನ್ನು ಸರಿಸಿದ ಬೆರಳುಗಳ ನಿಧಾನ ಮೋಡಕ್ಕನಿಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿತ್ತು. ಕೆಲಸವನ್ನು ಆಮೇಲೆ ಅವಳು ಕಲಿತಳು, ಚೆನ್ನಾಗಿಯೇ ಕಲಿತಳು. ಆದರೆ ಅದು ಆಮೇಲಿನ ಮಾತು.

ಹಾಗಾಗಿ ಎರಡು ವರ್ಷದ ಹಿಂದೆ ಮ್ಯಾನೇಜರ್ ತಮ್ಮ ಅಳಿಯನನ್ನು ತಂದು ಬಣ್ಣದ ಕೋಣೆಯ ಮುಖ್ಯಸ್ಥನನ್ನಾಗಿ ಕೂರಿಸಿದಾಗ, ಕಾರ್ಖಾನೆಯೆಲ್ಲ ಗುಸುಗುಸು ಎಂದರೂ ಅವಳು ದನಿ ಸೇರಿಸಲಿಲ್ಲ. ಊಟದ ಹೊತ್ತಿನಲ್ಲಿ ಅದೇ ಮಾತು. ಮಾವನ ಗಾಳಿ ಬೀಸಿದರೆ ತರಗೆಲೆಯೂ ಗಿಡುಗದ ಹಾಗೆ ಹಾರುತ್ತದೆ ಎಂದು ಒಬ್ಬರು, ಆ ಕುರ್ಚಿ ನ್ಯಾಯವಾಗಿ ಮೋಡಕ್ಕನದು ಎಂದು ಇನ್ನೊಬ್ಬರು. ಅವಳು ಕಿಟಕಿಯ ಕಡೆ ಮುಖ ಮಾಡಿ ತುತ್ತು ಅಗಿಯುತ್ತಿದ್ದಳು. ಅವಳು ಕನಸುಗಾತಿ, ಯಾವ ಲೋಕದಲ್ಲಿದ್ದಾಳೋ ಎಂದು ಅವರೇ ಸುಮ್ಮನಾಗುತ್ತಿದ್ದರು.

ಅಳಿಯ ಮೂವತ್ತರ ಆಸುಪಾಸಿನವನು. ತಗ್ಗಿದ ದನಿ, ಒಳ್ಳೆಯ ನಡತೆ. ತಿರುಗುವ ಕುರ್ಚಿಯಲ್ಲಿ ಕುಳಿತರೂ ತಿರುಗುತ್ತಿರಲಿಲ್ಲ. ಯಾವ ಲಾರಿ ಯಾವ ಊರಿಗೆ ಎಷ್ಟು ಹೊತ್ತಿಗೆ ಮುಟ್ಟುತ್ತದೆ ಎಂದು ಕೇಳಿದರೆ ಮುಖ ಅರಳಿಸಿ ಹೇಳುತ್ತಿದ್ದ. ಲಡಿ ಎದುರಿಗಿಟ್ಟರೆ ಮಾತ್ರ ಅವನ ಮುಖ ಬಾಡುತ್ತಿತ್ತು. ಬಂದ ಮೂರನೇ ವಾರ ಒಂದು ಲಡಿಯನ್ನು ಕೈಯಲ್ಲಿ ಹಿಡಿದು, "ಅಕ್ಕಾ, ಈ ಹಸಿರು ಸ್ವಲ್ಪ ಜಾಸ್ತಿ ಆಯ್ತಲ್ವಾ?" ಎಂದು ಕೇಳಿದ. ಅದು ಅಪ್ಪಟ ಕಂದು ಬಣ್ಣ. ಮೋಡಕ್ಕ ಅವನ ಮುಖ ನೋಡಿದಳು. ಅವನು ಅವಳ ಮುಖ ನೋಡಿದ. ಇಬ್ಬರಿಗೂ ಗೊತ್ತಾಯಿತು. ಕೆಲವರ ಕಣ್ಣಿಗೆ ಹುಟ್ಟಿನಿಂದಲೇ ಹಸಿರೂ ಕಂದೂ ಒಂದೇ ಆಗಿ ಕಾಣುತ್ತವೆಂದು ಅವಳು ತನ್ನ ಸೋದರಮಾವನಿಂದ ಕೇಳಿ ಬಲ್ಲಳು. ಮಾರನೆಯ ದಿನದಿಂದ ಕಂದು ಲಡಿಗಳಿಗೆ ಕಟ್ಟಿದ ಚೀಟಿಯ ಒಂದು ಮೂಲೆ ಮಡಚಿರುತ್ತಿತ್ತು. ಅವನು ಮೂಲೆ ತಡವಿ ನೋಡಿ ರುಜು ಹಾಕುತ್ತಿದ್ದ.

ಕೋಣೆಯಲ್ಲಿದ್ದ ಮೂರನೆಯವಳು ಚುಕ್ಕಿ. ಗಲ್ಲದ ಮೇಲೊಂದು ಕಪ್ಪು ಮಚ್ಚೆಯಿದ್ದುದರಿಂದ ಆ ಹೆಸರು. ಇಪ್ಪತ್ತಾರು ವರ್ಷ. ಯಾರ ಕಡೆಯವಳೂ ಅಲ್ಲ, ಪತ್ರಿಕೆಯಲ್ಲಿ ಬಂದ ಜಾಹೀರಾತು ನೋಡಿ ಬಂದವಳು. ಕಾಯಿಲೆಯ ತಾಯಿಯ ಜೊತೆ ಒಂದು ಕೋಣೆಯ ಮನೆಯಲ್ಲಿದ್ದಳು. ಮಾತು ಕಡಿಮೆ. ಸಂಜೆ ಐದೂವರೆಯ ಮಬ್ಬಿನಲ್ಲೂ ಎರಡು ಕಪ್ಪುಗಳಲ್ಲಿ ಯಾವುದರೊಳಗೆ ನೇರಳೆ ಅಡಗಿದೆಯೆಂದು ಹೇಳಬಲ್ಲವಳಾಗಿದ್ದಳು.

ಆ ವರ್ಷ ಬೇಸಗೆಯ ಕೊನೆಯಲ್ಲಿ ಒಂದು ಸೋಮವಾರ ಕಾರ್ಖಾನೆಯ ಬಾಗಿಲಲ್ಲಿ ಕಾಗದ ಅಂಟಿಸಿದರು. ಕೆಲಸ ಕಡಿಮೆಯಾಗಿದೆ, ಪ್ರತಿ ವಿಭಾಗದಿಂದಲೂ ಜನರನ್ನು ಇಳಿಸಬೇಕಾಗಿದೆ. ಬಣ್ಣದ ಕೋಣೆಯಿಂದ ಒಬ್ಬರು. ತಾವಾಗಿಯೇ ಬಿಡುವವರು ಶುಕ್ರವಾರದೊಳಗೆ ಬರೆದುಕೊಡಬಹುದು, ಯಾರೂ ಬರೆದುಕೊಡದಿದ್ದರೆ ಶನಿವಾರ ಕಚೇರಿಯೇ ಪಟ್ಟಿ ಹಾಕುತ್ತದೆ. ಕಾಗದವನ್ನು ಓದಿದವರೆಲ್ಲ ಒಂದು ಸಲ ಮೇಲಂತಸ್ತಿನ ಕಿಟಕಿಯ ಕಡೆ ನೋಡಿದರು. ಮೂವರಲ್ಲಿ ಒಬ್ಬ ಅಳಿಯ. ಒಬ್ಬಳು ಆ ಅಳಿಯನಿಗೆ ಕೆಲಸ ಹೇಳಿಕೊಡುವ ಮೋಡಕ್ಕ. ಇನ್ನು ಉಳಿದವಳು ಯಾರು ಎಂಬುದಕ್ಕೆ ಪಟ್ಟಿಯೇ ಬೇಕಿರಲಿಲ್ಲ.

ಚುಕ್ಕಿ ಕಾಗದ ಓದಿ ಮೇಲೆ ಬಂದಳು. ಎಂದಿನಂತೆ ಲಡಿಗಳಿಗೆ ಚೀಟಿ ಕಟ್ಟಿದಳು. ಸಂಜೆ ಹೊರಡುವಾಗ ಮಾತ್ರ, ಬೇರೆ ಕಡೆ ಬಣ್ಣ ನೋಡುವವರು ಬೇಕೆಂದು ಎಲ್ಲಾದರೂ ಕೇಳಿದ್ದರೆ ಹೇಳಿ ಅಕ್ಕಾ ಎಂದಳು. ಮೋಡಕ್ಕ ಆಯಿತೆಂದಳು. ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿದಾಗ ಅವಳ ಮನಸ್ಸಿನಲ್ಲಿ ಬಂದದ್ದು ಇಷ್ಟು: ಪಾಪ ಹುಡುಗಿ. ಆದರೆ ಕೋಣೆಗೆ ನನ್ನ ಕಣ್ಣು ಬೇಕಲ್ಲ. ನಾನಿಲ್ಲದೆ ಅಲ್ಲಿ ನಡೆಯುವುದಿಲ್ಲವಲ್ಲ. ಆ ಮಾತಿನಲ್ಲಿ ಒಂದು ಹಿತವಿತ್ತು, ಆ ಹಿತದಲ್ಲೇ ಜೋಂಪು ಹತ್ತಿತು. ಕನಸಿನಲ್ಲಿ ಬೂದು ಛತ್ರಿಯವಳು ಬಸ್ಸಿನ ಮುಂದಿನ ಸೀಟಿನಲ್ಲಿ ಬೆನ್ನು ತಿರುಗಿಸಿ ಕುಳಿತಿದ್ದಳು. ಎಷ್ಟು ಕಾದರೂ ಇಳಿಯಲಿಲ್ಲ. ಇಳಿಯಬೇಕಾದ ನಿಲ್ದಾಣ ದಾಟಿ ಮೋಡಕ್ಕನೇ ಎಚ್ಚರಗೊಂಡು ಮೂರು ಬೀದಿ ಹಿಂದಕ್ಕೆ ನಡೆದಳು.

ಬುಧವಾರ ಒಂದು ದೊಡ್ಡ ಗುಂಪು ನೀಲಿ ಬಂದಿತು. ಮೋಡವಿಲ್ಲದ ಆಕಾಶ, ಬೆಳಕು ಹಾಲಿನಂತೆ ಬಿದ್ದಿತ್ತು. ಮೋಡಕ್ಕ ಹೊಸ ಲಡಿಯನ್ನು ಮಾದರಿಯ ಪಕ್ಕದಲ್ಲಿಟ್ಟಳು, ಕಣ್ಣು ಅರೆ ಮುಚ್ಚಿದಳು, ಸರಿಯಾಗಿದೆ ಎಂದಳು. ಪಕ್ಕದಲ್ಲಿದ್ದ ಚುಕ್ಕಿ, ಬೆಳಕು ಇನ್ನೂ ಸ್ವಲ್ಪ ಬರಲಿ ಅಕ್ಕಾ, ಆಮೇಲೆ ಕಳಿಸೋಣ ಎಂದಳು. ಇನ್ನೆಲ್ಲಿಂದ ಬೆಳಕು ಬರಬೇಕೆಂದು ಮೋಡಕ್ಕನಿಗೆ ತಿಳಿಯಲಿಲ್ಲ. ಕೈ ತೊಳೆದು ಹಿಂದಿರುಗಿದವಳು ಚುಕ್ಕಿಯ ಹೆಗಲಾಚೆಯಿಂದ ನೋಡಿದಳು. ಚುಕ್ಕಿ ತೊಟ್ಟಿಯವರಿಗೆ ಹೋಗುವ ಚೀಟಿಯಲ್ಲಿ ಮೋಡಕ್ಕನ ಅಕ್ಷರವನ್ನೇ ಹೋಲುವ ಅಕ್ಷರದಲ್ಲಿ ಏನನ್ನೋ ಸೇರಿಸುತ್ತಿದ್ದಳು. ಒಂದು ಚಿಟಿಕೆ ಹಳದಿ ಕಡಿಮೆ ಮಾಡಿ.

ಮೋಡಕ್ಕ ಎರಡೂ ಲಡಿಗಳನ್ನು ಕಿಟಕಿಯ ಗಾಜಿಗೇ ಹಿಡಿದು ನೋಡಿದಳು. ಒಂದೇ. ಅವಳ ಕಣ್ಣಿಗೆ ಎರಡೂ ಒಂದೇ.

"ಎಷ್ಟು ದಿನದಿಂದ?" ಎಂದು ಕೇಳಿದಳು.

ಚುಕ್ಕಿ ಪೆನ್ನಿನ ಮುಚ್ಚಳ ಹಾಕಿದಳು. "ನೀಲಿ ಮಾತ್ರ ಅಕ್ಕಾ. ಬೇರೆ ಎಲ್ಲಾ ಸರಿಯಾಗೇ ಹೇಳ್ತೀರಿ."

"ಎಷ್ಟು ದಿನದಿಂದ ಅಂದೆ."

"ಹೋದ ವರ್ಷ ಮಳೆ ಶುರುವಾದಾಗಿನಿಂದ."

ಆ ಮಧ್ಯಾಹ್ನ ಮೋಡಕ್ಕ ಮೇಜಿಗೆ ತಲೆಯಾನಿಸಲಿಲ್ಲ. ಗೂಡುಗಳ ಮುಂದೆ ನಿಂತು ನೀಲಿಗಳನ್ನು ಒಂದೊಂದಾಗಿ ತೆಗೆದು ನೋಡುತ್ತ ಹೋದಳು. ಎಲ್ಲದರ ಮೇಲೂ ಹಳೆಯ ಕಾಗದದ ಬಣ್ಣದ ತೆಳು ಪರದೆಯೊಂದು ಕೂತಿತ್ತು. ಅದು ದಾರದ ಮೇಲಿನ ಧೂಳೆಂದು ಅವಳು ಇಷ್ಟು ದಿನ ತಿಳಿದಿದ್ದಳು, ಎಷ್ಟೋ ಸಲ ಒರೆಸಿಯೂ ಇದ್ದಳು. ತಾನು ಅಳಿಯನ ಚೀಟಿಗಳ ಮೂಲೆ ಮಡಚುತ್ತ ಕುಳಿತಿದ್ದಾಗ ಇವಳು ತನ್ನ ಚೀಟಿಗಳನ್ನು ತಿದ್ದುತ್ತ ಕುಳಿತಿದ್ದಾಳೆ. ಒಂದು ಮಾತನ್ನೂ ಹೊರಗೆ ಬಿಟ್ಟಿಲ್ಲ. ಸೋಮವಾರ ಆ ಕಾಗದ ಅಂಟಿಸಿದ ಮೇಲೂ ಬಿಟ್ಟಿಲ್ಲ. ಮೋಡಕ್ಕನಿಗೆ ನಾಚಿಕೆಯಾಯಿತು. ಕೋಣೆಗೆ ನನ್ನ ಕಣ್ಣು ಬೇಕೆಂದು ಬಸ್ಸಿನಲ್ಲಿ ಅಂದುಕೊಂಡದ್ದು ನೆನಪಾಗಿ ಇನ್ನಷ್ಟು ನಾಚಿಕೆಯಾಯಿತು.

ಮನೆಗೆ ಬಂದು ಗಂಡನಿಗೆ ಎಲ್ಲವನ್ನೂ ಹೇಳಿದಳು. ಇಂದಿನದು ಹೇಳಿದಳು, ಇಪ್ಪತ್ತೆಂಟು ವರ್ಷದ ಹಿಂದಿನದನ್ನೂ ಹೇಳಿದಳು, ತಾನು ಕೆಲಸ ಬಿಡುತ್ತೇನೆಂದೂ ಹೇಳಿದಳು. ಅವನು ತಟ್ಟೆ ತೊಳೆಯುತ್ತಿದ್ದವನು ನಲ್ಲಿ ನಿಲ್ಲಿಸಿ ಕೇಳಿದ. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವನು ಆ ಛತ್ರಿಯವಳ ಸುದ್ದಿ ಕೇಳಿದ್ದು ಅದೇ ಮೊದಲು.

"ಅವಳಿಗೆ ಸಿಗಬೇಕಾಗಿದ್ದನ್ನ ಇವಳಿಗೆ ಬಿಟ್ಟುಕೊಟ್ರೆ ಸರಿ ಹೋಗುತ್ತಾ?" ಎಂದು ಕೇಳಿದ.

"ಇಲ್ಲ. ಅವಳು ಎಲ್ಲಿದ್ದಾಳೋ ಏನೋ. ಅದು ಸರಿ ಹೋಗಲ್ಲ."

"ಮತ್ತೆ ಯಾಕೆ ಬಿಡ್ತೀಯಾ?"

"ಕಾಣ್ತಿಲ್ಲ ರೀ. ಕಾಣದೇ ಇರೋಳು ಅಲ್ಲಿ ಕೂತ್ಕೊಂಡು, ಕಾಣೋಳನ್ನ ಮನೆಗೆ ಕಳಿಸೋದು ಹೇಗೆ?"

ಅವನು ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟ. ಆಮೇಲೆ, ತನ್ನ ಸಂಬಳದಲ್ಲಿ ಇಬ್ಬರ ಹೊಟ್ಟೆ ತುಂಬುತ್ತದೆ, ಆದರೆ ಮಧ್ಯಾಹ್ನವೆಲ್ಲ ಮನೆಯಲ್ಲಿ ಮಲಗಿ ಕಂಡ ಕನಸನ್ನೆಲ್ಲ ಸಂಜೆ ತನಗೇ ಹೇಳುವುದಾದರೆ ಮಾತ್ರ ಕಷ್ಟ ಎಂದ. ನಲ್ಲಿ ಮತ್ತೆ ತಿರುಗಿಸಿದ. ಅವಳು ನಕ್ಕಳು. ನಗುತ್ತಿದ್ದ ಹಾಗೇ ಕಣ್ಣು ತುಂಬಿ ಬಂದು, ಅಡುಗೆಮನೆಯ ದೀಪ ನಾಲ್ಕಾಗಿ ಕಂಡಿತು.

ಶುಕ್ರವಾರ ಬೆಳಗ್ಗೆ ಅವಳು ಬರೆದ ಕಾಗದ ಹಿಡಿದು ಮ್ಯಾನೇಜರ್ ಕೋಣೆಗೆ ಹೋದಳು. ಮ್ಯಾನೇಜರ್ ಗಾಜು ಹಾಕಿದ ಮೇಜಿನ ಹಿಂದೆ ಕುಳಿತಿದ್ದರು. ಕೆಟ್ಟ ಮನುಷ್ಯರಲ್ಲ. ಕಾರ್ಖಾನೆಯಲ್ಲಿ ಯಾರಿಗೆ ಕಾಯಿಲೆಯಾದರೂ ಮನೆಗೆ ಹೋಗಿ ನೋಡಿ ಬರುವವರು. ತಮ್ಮವರೆಂದರೆ ಮಾತ್ರ ಅವರಿಗೆ ಕಣ್ಣು ಕಟ್ಟಿದಂತೆ ಆಗುತ್ತಿತ್ತು, ಅಷ್ಟೇ. ಅಳಿಯ ಗೋಡೆಯ ಪಕ್ಕದಲ್ಲಿ ಕಡತ ಹಿಡಿದು ನಿಂತಿದ್ದ. ಮ್ಯಾನೇಜರ್ ಕಾಗದವನ್ನು ಓದಿ, ಮಡಚಿ, ಅವಳ ಕಡೆಗೇ ಸರಿಸಿದರು. ಇದು ನಿಮ್ಮಂಥವರಿಗೆ ಹಾಕಿದ ಪ್ರಕಟಣೆಯಲ್ಲ ಎಂದರು.

"ನಿಮ್ಮನ್ನ ನಂಬ್ಕೊಂಡೇ ನಾನು ಇವನನ್ನ ಅಲ್ಲಿ ಕೂರಿಸಿದ್ದು. ನೀವು ಹೋದ್ರೆ ಇವನಿಗೆ ಹೇಳ್ಕೊಡೋರು ಯಾರು?"

ತನ್ನ ಕಣ್ಣಿಗೆ ನೀಲಿ ಸರಿಯಾಗಿ ಕಾಣುತ್ತಿಲ್ಲವೆಂದು ಮೋಡಕ್ಕ ಹೇಳಿದಳು. ಅವರು ನಂಬಲಿಲ್ಲ. ಆ ಹುಡುಗಿಯ ಮೇಲಿನ ಕರುಣೆಗೆ ಹೀಗೆ ಹೇಳುತ್ತಿದ್ದೀರಿ, ಕರುಣೆಯಿಂದ ಕಾರ್ಖಾನೆ ನಡೆಯುತ್ತದೆಯೇ ಎಂದರು. ಅವಳು ತಂದಿದ್ದ ಎರಡು ಲಡಿಗಳನ್ನು ಗಾಜಿನ ಮೇಲಿಟ್ಟಳು. ತನಗೆ ಇವು ಒಂದೇ ಆಗಿ ಕಾಣುತ್ತವೆ, ಇವುಗಳಲ್ಲಿ ಒಂದರಲ್ಲಿ ಹಳದಿ ಹೆಚ್ಚಿದೆಯೆಂದು ಹೇಳಿದ್ದು ಚುಕ್ಕಿ, ತೊಟ್ಟಿಯವರು ಬಣ್ಣದ ಪುಡಿ ತೂಗಿ ನೋಡಿ ಹೌದೆಂದಿದ್ದಾರೆ, ಹೋದ ಮಳೆಗಾಲದಿಂದ ಈ ಕಾರ್ಖಾನೆಯಿಂದ ಹೊರಗೆ ಹೋದ ಒಂದೊಂದು ನೀಲಿಯೂ ಅವಳ ಕಣ್ಣಿನದು ಎಂದಳು. ಅಳಿಯನ ಕಡೆ ಅವಳು ತಿರುಗಿಯೂ ನೋಡಲಿಲ್ಲ. ಅವನ ಗುಟ್ಟು ಅವನದು.

ಮ್ಯಾನೇಜರ್ ಲಡಿಗಳನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. ಹಾಗಾದರೆ ಇವನು ನೋಡಲಿ, ಎರಡು ವರ್ಷ ಆಯಿತು, ಇಷ್ಟು ಹೊತ್ತಿಗೆ ಕಲಿತಿರಬೇಕು ಎಂದು ಅಳಿಯನ ಕಡೆ ಚಾಚಿದರು.

ಅಳಿಯ ಕಡತವನ್ನು ಕುರ್ಚಿಯ ಮೇಲಿಟ್ಟ. ಕಾರ್ಖಾನೆಯಲ್ಲಿ ಅವನು ಅವರನ್ನು ಸರ್ ಎಂದೇ ಕರೆಯುತ್ತಿದ್ದ. ಅಂದು ಮಾತ್ರ ಬೇರೆ ಮಾತು ಬಂತು.

"ಮಾವ, ನನಗೆ ನೀಲಿ ಕಾಣುತ್ತೆ. ಹಸಿರು, ಕಂದು, ಕೆಂಪು ಕಾಣಲ್ಲ. ಹುಟ್ಟಿದಾಗಿನಿಂದ ಹಾಗೇ. ಅಕ್ಕ ಚೀಟಿ ಮೂಲೆ ಮಡಚಿಡ್ತಾರೆ, ನಾನು ರುಜು ಹಾಕ್ತೀನಿ."

ಮೊದಲು ಅದು ತಮಾಷೆಯೆಂದು ತಿಳಿದು ಮ್ಯಾನೇಜರ್ ತುಟಿ ಬಿಚ್ಚಿದರು. ಯಾರೂ ನಗದಿದ್ದುದನ್ನು ಕಂಡು ಮುಚ್ಚಿದರು.

"ಮದುವೆಗೆ ಮುಂಚೆ ಹೇಳ್ಬೇಕು ಅನ್ನಿಸಲಿಲ್ವಾ ನಿನಗೆ?" ಎಂದರು.

"ಮದುವೆಗೂ ಹಸಿರಿಗೂ ಏನು ಸಂಬಂಧ ಅಂದ್ಕೊಂಡೆ. ನೀವು ಇಲ್ಲಿ ಕೂರಿಸ್ತೀರಿ ಅಂತ ಗೊತ್ತಿರಲಿಲ್ಲ."

ಮ್ಯಾನೇಜರ್ ಕನ್ನಡಕ ತೆಗೆದು ಮುಖ ಒರೆಸಿಕೊಂಡರು. ಅವರಿಗೆ ಸಿಟ್ಟು ಬಂದಿತ್ತೋ ದುಃಖವಾಗಿತ್ತೋ ಹೇಳುವುದು ಕಷ್ಟ. ಕಿವಿಯ ತುದಿ ಕೆಂಪಾಗಿತ್ತು. ಯಾರ ಮುಖವನ್ನೂ ನೋಡದೆ, ಮೋಡಕ್ಕನ ಕಾಗದವನ್ನು ತಮ್ಮ ಕಡೆ ಎಳೆದುಕೊಂಡರು. ನಿಮ್ಮ ಸೋದರಮಾವ ನನಗೆ ಬಹಳ ಬೇಕಾದವರು, ಅವರ ಮಾತಿಗೆ ಆವತ್ತು ನಿಮ್ಮನ್ನು ತೆಗೆದುಕೊಂಡವನೂ ನಾನೇ ಎಂದರು. ಅದನ್ನು ಹೆಮ್ಮೆಯಿಂದ ಹೇಳಿದರೋ ಬೇಸರದಿಂದಲೋ ಅವಳಿಗೆ ಗೊತ್ತಾಗಲಿಲ್ಲ. ನನಗೆ ಗೊತ್ತು ಸರ್ ಎಂದು ಹೇಳಿ ಹೊರಗೆ ಬಂದಳು.

ಶನಿವಾರದ ಪಟ್ಟಿಯಲ್ಲಿ ಬಣ್ಣದ ಕೋಣೆಯಿಂದ ಯಾರ ಹೆಸರೂ ಇರಲಿಲ್ಲ. ತಿಂಗಳ ಕೊನೆಯವರೆಗೆ ಮೋಡಕ್ಕ ಹೋಗಿ ಬಂದಳು. ನೀಲಿ ಬಂದರೆ ಈಗ ಅವಳು ಎದ್ದು ಕುರ್ಚಿ ಬಿಟ್ಟುಕೊಡುತ್ತಿದ್ದಳು, ಚುಕ್ಕಿ ಕುಳಿತು ನೋಡುತ್ತಿದ್ದಳು. ಅಳಿಯನನ್ನು ಕೆಳಗಿನ ಅಂಗಳಕ್ಕೆ, ಲಾರಿಗಳನ್ನು ಹೊರಡಿಸುವ ಕೆಲಸಕ್ಕೆ ಹಾಕಿದರು. ಮಾವನ ಮನೆಯಲ್ಲಿ ಎರಡು ವಾರ ಯಾರೂ ಯಾರೊಡನೆಯೂ ಮಾತಾಡಲಿಲ್ಲವಂತೆ. ಅವನು ಮಾತ್ರ ಅಂಗಳದಲ್ಲಿ ಬಿಸಿಲಿಗೆ ಕಪ್ಪಾಗಿ, ಚಾಲಕರ ಹೆಸರು ಹಿಡಿದು ಕೂಗುತ್ತ, ಎರಡು ವರ್ಷದಲ್ಲಿ ಮೊದಲ ಸಲ ಹೊಟ್ಟೆತುಂಬ ಉಂಡವನಂತೆ ಕಾಣುತ್ತಿದ್ದ. ಚುಕ್ಕಿಗೆ ಕೆಲಸವೆಲ್ಲ ಸಿಕ್ಕಿತು, ಮುಖ್ಯಸ್ಥೆಯೆಂಬ ಪದವಿ ಸಿಗಲಿಲ್ಲ. ಅದು ಖಾಲಿಯಿರಲಿ, ಆಮೇಲೆ ನೋಡೋಣ ಎಂದರು. ಯಾವ ಕಡೆಯವರಿಗಾಗಿ ಇಟ್ಟಿದ್ದಾರೋ ಎಂದು ಊಟದ ಹೊತ್ತಿನಲ್ಲಿ ಮತ್ತೆ ಮಾತು ಶುರುವಾಯಿತು.

ಕೊನೆಯ ದಿನ ಚುಕ್ಕಿ ಬೀದಿಯ ತಿರುವಿನವರೆಗೂ ಜೊತೆಯಲ್ಲಿ ಬಂದಳು. ನನಗಾಗಿ ಬಿಟ್ಟಿರಾ ಅಕ್ಕಾ ಎಂದು ಕೇಳಿದಳು. ಮೋಡಕ್ಕ ನಿಜವನ್ನೇ ಹೇಳಿದಳು. ಅರ್ಧ ನಿನಗಾಗಿ, ಉಳಿದದ್ದು ಯಾವುದಕ್ಕಾಗಿ ಅಂತ ನನಗೂ ಸರಿಯಾಗಿ ತಿಳಿದಿಲ್ಲ ಎಂದಳು.

ಕೆಲಸ ಬಿಟ್ಟ ಮೊದಲ ದಿನಗಳು ನೀರಿನೊಳಗೆ ನಡೆದಂತೆ ಕಳೆದವು. ಬೆಳಗ್ಗೆ ಕಾಲು ತಾನಾಗಿ ಬಸ್ಸಿನ ಕಡೆ ಹೊರಡುತ್ತಿತ್ತು. ಒಂದೆರಡು ಸಲ ಹತ್ತಿಯೂ ಬಿಟ್ಟಳು. ಹತ್ತಿದ ಮೇಲೆ ಇಳಿಯುವುದೇಕೆಂದು ಕೊನೆಯ ನಿಲ್ದಾಣದವರೆಗೂ ಹೋಗಿ, ಅಲ್ಲಿದ್ದ ಕಲ್ಲು ಬೆಂಚಿನ ಮೇಲೆ ಕುಳಿತು ಬಂದಳು. ಹೊಳೆಗೆ ಕಟ್ಟಿದ ಸೇತುವೆಯ ಮೇಲೆ ಜನ ಹೋಗುತ್ತಿದ್ದರು. ಯಾರ ಬಟ್ಟೆಗೆ ಯಾವ ದಾರ ಹೊಂದುತ್ತದೆಂದು ಕಣ್ಣು ಲೆಕ್ಕ ಹಾಕುತ್ತಲೇ ಇರುತ್ತಿತ್ತು.

ಗಂಡ ಬಿಡಲಿಲ್ಲ. ತಾನೇ ಲಿಫ್ಟಿನಲ್ಲಿ ಕೂಡಿಸಿಕೊಂಡು ಮೂರನೇ ಮಹಡಿಯ ಕಣ್ಣಿನ ವೈದ್ಯೆಯ ಹತ್ತಿರ ಕರೆದೊಯ್ದ. ಪೊರೆ ಬಂದಿದೆ, ಹಳದಿಗಟ್ಟಿದೆ, ತೆಗೆದರೆ ಸರಿಹೋಗುತ್ತದೆ ಎಂದು ವೈದ್ಯೆ ಬಹಳ ಸಣ್ಣ ಸಂಗತಿಯೆಂಬಂತೆ ಹೇಳಿದಳು. ತಿಂಗಳ ಅಂತರದಲ್ಲಿ ಎರಡೂ ಕಣ್ಣಿಗೆ ಚಿಕಿತ್ಸೆ ಆಯಿತು. ಕಟ್ಟು ಬಿಚ್ಚಿಸಿಕೊಂಡು ಮನೆಗೆ ಬಂದ ದಿನ ಮೋಡಕ್ಕ ಮಲಗುವ ಕೋಣೆಯ ಬಾಗಿಲಲ್ಲೇ ನಿಂತುಬಿಟ್ಟಳು.

"ಈ ಗೋಡೆ ಇಷ್ಟು ನೀಲಿ ಇತ್ತಾ?"

"ಮೊದಲಿಂದಲೂ ಇತ್ತು," ಎಂದ ಗಂಡ. "ಬಣ್ಣ ಆರಿಸಿದ್ದು ನೀನೇ. ನನಗೆ ಅವತ್ತೇ ಕಣ್ಣು ಚುಚ್ಚಿತ್ತು, ಹೇಳೋಕೆ ಧೈರ್ಯ ಇರಲಿಲ್ಲ."

ಅವಳು ಹಾಸಿಗೆಯ ತುದಿಯಲ್ಲಿ ಕುಳಿತು ಆ ಗೋಡೆಯನ್ನು ನೋಡಿದಳು. ನೋಡಿದಷ್ಟೂ ಅದು ಹಿಂದಕ್ಕೆ ಹಿಂದಕ್ಕೆ ಸರಿದು, ಗೋಡೆಯೇ ಅಲ್ಲವೆಂಬಂತೆ ಆಳವಾಯಿತು. ಕೆಲವು ತಿಂಗಳು ಮೊದಲೇ ಇದು ಆಗಿದ್ದರೆ ಕೆಲಸ ಬಿಡಬೇಕಾಗಿರಲಿಲ್ಲ ಎಂದು ಗಂಡ ಮೆಲ್ಲಗೆ ಹೇಳಿದ. ಅವಳಿಗೂ ಅದು ಹೊಳೆದಿತ್ತು. ಆದರೆ ಆಗ ನೀನು ಇಳಿ ಎಂದು ಯಾರಿಗೆ ಹೇಳಬೇಕಾಗುತ್ತಿತ್ತು ಎಂಬುದೂ ಹೊಳೆಯಿತು.

ಕಣ್ಣಿನ ಸುದ್ದಿ ಕಾರ್ಖಾನೆಗೂ ಮುಟ್ಟಿತು. ಒಂದು ಭಾನುವಾರ ಮ್ಯಾನೇಜರ್ ಅಳಿಯ ಹಣ್ಣು ಹಿಡಿದು ಮನೆಗೆ ಬಂದ. ಚಳಿಗಾಲಕ್ಕೆ ಕೆಲಸ ಮತ್ತೆ ಹೆಚ್ಚಿದೆಯಂತೆ, ವಾರಕ್ಕೆ ಎರಡು ದಿನ ಬಂದು ನೋಡಿಕೊಟ್ಟರೆ ಸಾಕೆಂದು ಮಾವ ಹೇಳಿ ಕಳಿಸಿದ್ದಾರಂತೆ. ಆ ಖಾಲಿ ಕುರ್ಚಿಯಲ್ಲಿ ಯಾರನ್ನು ಕೂರಿಸುತ್ತಾರೆಂದು ಮೋಡಕ್ಕ ಕೇಳಿದಳು. ಅವನು ಕತ್ತು ಕೆರೆದುಕೊಂಡ. ಗೊತ್ತಿಲ್ಲ ಎಂದ. ಹಾಗಾದರೆ ಅದು ಗೊತ್ತಾದ ಮೇಲೆ ಬನ್ನಿ, ಚುಕ್ಕಿ ಕೂತಿದ್ದಾಳೆಂದರೆ ಅವಳ ಕೈಕೆಳಗೆ ಎರಡು ದಿನವಲ್ಲ, ಮೂರು ದಿನ ಬರುತ್ತೇನೆ ಎಂದು ಮಾವನಿಗೆ ಹೇಳಿ ಎಂದಳು. ಅವನು ನಕ್ಕು, ಇದೇ ಮಾತಿನಲ್ಲಿ ಹೇಳುತ್ತೇನೆ ಎಂದು ಹೋದ.

ಅವನನ್ನು ಕಳಿಸಿ ಅವಳು ತಾರಸಿಗೆ ಚಾಪೆ ತೆಗೆದುಕೊಂಡು ಹೋದಳು. ಎಳೆ ಬಿಸಿಲು, ಪಕ್ಕದ ಮನೆಯ ಹಗ್ಗದ ಮೇಲೆ ಒಗೆದ ಹೊದಿಕೆಗಳು ಗಾಳಿಗೆ ಉಬ್ಬುತ್ತಿದ್ದವು. ಅಂಗಾತ ಮಲಗಿ ಕಣ್ಣು ಮುಚ್ಚಿದಳು. ಮುಚ್ಚಿದ ರೆಪ್ಪೆಯೊಳಗೂ ಬೆಳಕಿತ್ತು. ಕೆಳಗಿನಿಂದ ಗಂಡ, ಅಳಿಯ ತಂದ ಹಣ್ಣನ್ನು ಕೊಯ್ಯಲೇ ಎಂದು ಕೂಗಿದ. ಅವಳಿಗೆ ಕೇಳಿಸಿತು, ಉತ್ತರ ಕೊಡಬೇಕೆಂದೂ ಅನ್ನಿಸಿತು, ಅಷ್ಟರಲ್ಲಿ ನಿದ್ದೆ ಬಂದಿತ್ತು.